ಆಮ್ಲಜನಕದಿಂದಲೇ ಎಲೆಕ್ಟ್ರಾನ್ ಕಸಿಯುವ ಫ್ಲೋರೈಡ್‌ಗಳು

ಟಂಗ್‌ಸ್ಟನ್ ಹೆಕ್ಸಾಫ್ಲೋರೈಡ್ ಮತ್ತು ಪ್ಲಾಟಿನಂ ಹೆಕ್ಸಾಫ್ಲೋರೈಡ್‌ಗಳ ಅಣುಗಳು ನೋಡಲು ಅವಳಿಗಳಂತಿವೆ. ನಡುವೆ ಒಂದು ಲೋಹದ ಪರಮಾಣು, ಅದರ ಮೇಲೆ ಕೆಳಗೆ, ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಒಟ್ಟು ಆರು ಫ್ಲೋರಿನ್ ಪರಮಾಣುಗಳು. ಲೋಹಕ್ಕೂ ಫ್ಲೋರಿನ್‌ಗೂ ಇರುವ ದೂರ ಒಂದರಲ್ಲಿ ಸುಮಾರು 1.83 ಆಂಗ್‌ಸ್ಟ್ರಾಂ, ಇನ್ನೊಂದರಲ್ಲಿ 1.85. ಆವರ್ತ ಕೋಷ್ಟಕದಲ್ಲಿ ಈ ಎರಡು ಲೋಹಗಳ ನಡುವೆ ಇರುವುದು ಮೂರೇ ಮನೆ. ಆದರೆ ಸ್ವಭಾವದಲ್ಲಿ ಅಜಗಜಾಂತರ. ಮೊದಲನೆಯದು 17 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ, ಬಣ್ಣವಿಲ್ಲದ ವಸ್ತು. ಚಿಪ್ ಕಾರ್ಖಾನೆಗಳಿಗೆ ಸಿಲಿಂಡರುಗಟ್ಟಲೆ ಹೋಗುತ್ತದೆ. ಅದನ್ನು ಹೈಡ್ರೋಜನ್ ಜೊತೆ ಹಾಯಿಸಿ ಸಿಲಿಕಾನ್ ಬಿಲ್ಲೆಯ ಮೇಲೆ ಟಂಗ್‌ಸ್ಟನ್ ಪದರ ಕೂರಿಸುತ್ತಾರೆ. ತೇವ ತಗುಲಿದರೆ ಹೈಡ್ರೋಜನ್ ಫ್ಲೋರೈಡ್ ಹೊರಬಿಡುವ ಅಪಾಯಕಾರಿ ಅನಿಲ ಅದು, ನಿಜ. ಆದರೆ ಎದುರಿಗೆ ಬಂದದ್ದರಿಂದೆಲ್ಲ ಎಲೆಕ್ಟ್ರಾನ್ ಕಿತ್ತುಕೊಳ್ಳುವ ಚಾಳಿ ಅದಕ್ಕಿಲ್ಲ. ಎರಡನೆಯದು ಕಡುಗೆಂಪು ಬಣ್ಣದ, 61 ಡಿಗ್ರಿಯಲ್ಲಿ ಕರಗಿ 69 ಡಿಗ್ರಿಯಲ್ಲಿ ಆವಿಯಾಗುವ ವಸ್ತು. ಅದು ಆಮ್ಲಜನಕದ ಅಣುವಿನಿಂದಲೇ ಎಲೆಕ್ಟ್ರಾನ್ ಕಸಿಯುತ್ತದೆ. ಬೇರೆಯವನ್ನು ಉತ್ಕರ್ಷಿಸುವುದಕ್ಕೇ ಹೆಸರಾದ ಆಮ್ಲಜನಕ ಅದರ ಮುಂದೆ ತಾನೇ ಉತ್ಕರ್ಷಣೆಗೆ ಒಳಗಾಗುತ್ತದೆ.

ಈ ವ್ಯತ್ಯಾಸ ಎಲ್ಲಿಂದ ಬಂತು? 'ಫ್ಲೋರಿನ್ ಅತ್ಯಂತ ಉಗ್ರ ಧಾತು, ಅದಕ್ಕೇ ಅದರ ಸಂಯುಕ್ತಗಳೂ ಉಗ್ರ' ಎಂಬ ಉತ್ತರ ಇಲ್ಲಿ ನಿಲ್ಲುವುದಿಲ್ಲ. ಎರಡರಲ್ಲೂ ಇರುವುದು ಆರಾರು ಫ್ಲೋರಿನ್‌ಗಳೇ. ಸಂಕ್ರಮಣ ಲೋಹಗಳ (ಆವರ್ತ ಕೋಷ್ಟಕದ ನಡುಭಾಗದ ಲೋಹಗಳ) ಉಗ್ರ ಫ್ಲೋರೈಡ್‌ಗಳ ಬಲ ಫ್ಲೋರಿನ್‌ನಲ್ಲಿ ಇಲ್ಲ. ತನಗೆ ಒಗ್ಗದ ಉತ್ಕರ್ಷಣ ಸ್ಥಿತಿಯಲ್ಲಿ ಸಿಕ್ಕಿಕೊಂಡ ಲೋಹದಲ್ಲಿದೆ. ಉತ್ಕರ್ಷಣ ಸ್ಥಿತಿ ಎಂದರೆ ಲೋಹ ಎಷ್ಟು ಎಲೆಕ್ಟ್ರಾನ್ ಬಿಟ್ಟುಕೊಟ್ಟಿದೆ ಎಂಬ ಲೆಕ್ಕ; +4 ಎಂದರೆ ನಾಲ್ಕು. ಆ ಲೋಹದ ಸುತ್ತ ಎಷ್ಟು ಫ್ಲೋರೈಡ್ ಅಯಾನುಗಳಿವೆ ಎಂಬುದನ್ನು ಬದಲಿಸಿ ಆ ಬಲವನ್ನು ಏರಿಸಬಹುದು, ಇಳಿಸಬಹುದು. ಇಷ್ಟನ್ನು ಹಿಡಿದುಕೊಂಡರೆ ಎಲ್‌ಇಡಿ ಪರದೆಯ ಕೆಂಪಿನಿಂದ ಹಿಡಿದು ಬೆಳ್ಳಿಯ ಅತಿವಾಹಕಗಳ (ರೋಧವೇ ಇಲ್ಲದೆ ವಿದ್ಯುತ್ ಹರಿಸುವ ವಸ್ತುಗಳ) ಬಗ್ಗೆ ಈಗ ನಡೆಯುತ್ತಿರುವ ಚರ್ಚೆಯವರೆಗೆ ಬಹಳಷ್ಟು ಸಂಗತಿಗಳು ಒಂದೇ ಎಳೆಯಲ್ಲಿ ಬರುತ್ತವೆ.

ಎಲೆಕ್ಟ್ರಾನ್ ಲೆಕ್ಕ

ಟಂಗ್‌ಸ್ಟನ್, ರೀನಿಯಂ, ಆಸ್ಮಿಯಂ, ಇರಿಡಿಯಂ, ಪ್ಲಾಟಿನಂ. ಐದೂ ಹೆಕ್ಸಾಫ್ಲೋರೈಡ್ ಕೊಡುತ್ತವೆ. ಟಂಗ್‌ಸ್ಟನ್ ಬಳಿ ಬಂಧಕ್ಕೆ ಒದಗುವ ಎಲೆಕ್ಟ್ರಾನ್‌ಗಳು ಆರು. ಆರೂ ಫ್ಲೋರಿನ್‌ಗಳ ಪಾಲಾಗುತ್ತವೆ, ಕೈಯಲ್ಲಿ ಏನೂ ಉಳಿಯುವುದಿಲ್ಲ. ರೀನಿಯಂನಲ್ಲಿ ಒಂದು ಉಳಿಯುತ್ತದೆ, ಆಸ್ಮಿಯಂನಲ್ಲಿ ಎರಡು, ಇರಿಡಿಯಂನಲ್ಲಿ ಮೂರು, ಪ್ಲಾಟಿನಂನಲ್ಲಿ ನಾಲ್ಕು. ಎಲೆಕ್ಟ್ರಾನ್ ಹೆಚ್ಚು ಉಳಿದಷ್ಟೂ ಹಸಿವು ಕಡಿಮೆಯಾಗಬೇಕಿತ್ತಲ್ಲ ಎಂದು ತೋರುವುದು ಸಹಜ. ಆಗುವುದು ಅದಕ್ಕೆ ತದ್ವಿರುದ್ಧ. ಒಂದೊಂದು ಹೆಜ್ಜೆಗೂ ನ್ಯೂಕ್ಲಿಯಸ್‌ಗೆ ಒಂದು ಪ್ರೋಟಾನ್ ಸೇರುತ್ತದೆ. ಜೊತೆಗೆ ಬರುವ ಎಲೆಕ್ಟ್ರಾನ್ ಕೂರುವುದು ಡಿ ಕಕ್ಷಕ ಎಂಬ ಎಲೆಕ್ಟ್ರಾನ್ ನೆಲೆಯಲ್ಲಿ. ತನ್ನ ಪಕ್ಕದಲ್ಲೇ ಇರುವ ಖಾಲಿ ಜಾಗಕ್ಕೆ ಅದು ನ್ಯೂಕ್ಲಿಯಸ್‌ನ ಸೆಳೆತವನ್ನು ಪೂರ್ತಿ ಮರೆಮಾಡಲಾರದು. ಹೀಗಾಗಿ ಆ ಖಾಲಿ ಜಾಗ ಮನೆಯಿಂದ ಮನೆಗೆ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಹೊರಗಿನಿಂದ ಬರುವ ಎಲೆಕ್ಟ್ರಾನ್ ಅಲ್ಲಿ ಬಿದ್ದರೆ ಬಿಡುಗಡೆಯಾಗುವ ಶಕ್ತಿಯೂ ಏರುತ್ತದೆ. ಸಾಲಿನ ಉದ್ದಕ್ಕೂ ಈ ಏರಿಕೆ ಹೆಜ್ಜೆಗೆ ಸರಿಸುಮಾರು ಒಂದು ಎಲೆಕ್ಟ್ರಾನ್‌ವೋಲ್ಟ್ (ಪರಮಾಣುಗಳ ಮಟ್ಟದಲ್ಲಿ ಶಕ್ತಿಯನ್ನು ಅಳೆಯುವ ಮಾನ).

ಇದು ಬರೀ ಲೆಕ್ಕಾಚಾರವಲ್ಲ, ಕಣ್ಣಿಗೂ ಕಾಣುತ್ತದೆ. ಟಂಗ್‌ಸ್ಟನ್ನಿನದಕ್ಕೆ ಬಣ್ಣವಿಲ್ಲ, ರೀನಿಯಂ, ಆಸ್ಮಿಯಂ, ಇರಿಡಿಯಂಗಳದು ಹಳದಿ, ಪ್ಲಾಟಿನಂನದು ಕಡುಗೆಂಪು. ಬೆಳಕು ಬಿದ್ದಾಗ ಫ್ಲೋರಿನ್ ಕಡೆಯ ಎಲೆಕ್ಟ್ರಾನ್ ಲೋಹದ ಖಾಲಿ ಜಾಗಕ್ಕೆ ಹಾರಬಲ್ಲದು. ಜಾಗ ಆಳಕ್ಕೆ ಇಳಿದಷ್ಟೂ ಹಾರಲು ಬೇಕಾಗುವ ಶಕ್ತಿ ಕಡಿಮೆ. ಪ್ಲಾಟಿನಂಗೆ ಬರುವ ಹೊತ್ತಿಗೆ ಕಣ್ಣಿಗೆ ಕಾಣುವ ಬೆಳಕೇ ಅದಕ್ಕೆ ಸಾಕು. ಅಂದರೆ ಆ ಕಡುಗೆಂಪಿನಲ್ಲೇ ಅದರ ಹಸಿವಿನ ಅಳತೆ ಇದೆ. ಯಾವ ಉಪಕರಣವೂ ಇಲ್ಲದೆ, ಬಣ್ಣ ನೋಡಿಯೇ ಒಂದು ವಸ್ತುವಿನ ಎಲೆಕ್ಟ್ರಾನ್ ದಾಹವನ್ನು ಅಂದಾಜಿಸಲು ಸಾಧ್ಯವಾಗುವುದು ರಸಾಯನಶಾಸ್ತ್ರದ ದೊಡ್ಡ ಸುಖಗಳಲ್ಲಿ ಒಂದು ಎಂದೇ ನಾನು ಭಾವಿಸುತ್ತೇನೆ.

ಒಂಟಿ ಪರಮಾಣುಗಳ ಪೈಕಿ ಎಲೆಕ್ಟ್ರಾನನ್ನು ಅತಿ ಬಿಗಿಯಾಗಿ ಹಿಡಿಯುವುದು ಕ್ಲೋರಿನ್, 3.6 ಎಲೆಕ್ಟ್ರಾನ್‌ವೋಲ್ಟ್‌ನಷ್ಟು. ಫ್ಲೋರಿನ್‌ನದು 3.4. ಪ್ಲಾಟಿನಂ ಹೆಕ್ಸಾಫ್ಲೋರೈಡ್ ಅಣುವಿಗೆ ಸಿಗುವ ಅಂದಾಜುಗಳು ಏಳರ ಆಸುಪಾಸಿನಲ್ಲಿವೆ, ಅಂದರೆ ಫ್ಲೋರಿನ್ ಪರಮಾಣುವಿನ ಎರಡರಷ್ಟು. ಒಳಗೆ ಬಂದ ಎಲೆಕ್ಟ್ರಾನ್ ಒಂದು ಪುಟ್ಟ ಪರಮಾಣುವಿನ ಮೇಲೆ ಒತ್ತರಿಸಿ ಕೂರಬೇಕಿಲ್ಲ. ಲೋಹ ಮತ್ತು ಆರು ಫ್ಲೋರಿನ್‌ಗಳ ಮೇಲೆ ಅದರ ಋಣಾವೇಶ ಹರಡಿಕೊಳ್ಳುತ್ತದೆ.

ಈ ಅಣುವನ್ನು ಮೊದಲು ತಯಾರಿಸಿದ್ದು ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ವೈನ್‌ಸ್ಟಾಕ್, ಕ್ಲಾಸೆನ್ ಮತ್ತು ಮಾಲ್ಮ್, 1957ರಲ್ಲಿ. ಅದರ ನಿಜವಾದ ಕಸುವು ಹೊರಬಿದ್ದದ್ದು ಐದು ವರ್ಷಗಳ ನಂತರ, ಕೆನಡಾದ ವ್ಯಾಂಕೂವರ್‌ನಲ್ಲಿ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ನೀಲ್ ಬಾರ್ಟ್ಲೆಟ್ ಗಾಜಿನ ಉಪಕರಣದಲ್ಲಿ ಪ್ಲಾಟಿನಂ ಸಂಯುಕ್ತಗಳ ಮೇಲೆ ಫ್ಲೋರಿನ್ ಹಾಯಿಸುತ್ತಿದ್ದಾಗ ಒಂದು ಕೆಂಪು ಘನವಸ್ತು ಮತ್ತೆ ಮತ್ತೆ ಕೂಡಿಕೊಳ್ಳುತ್ತಿತ್ತು. ಅದು ಪ್ಲಾಟಿನಂ, ಆಮ್ಲಜನಕ, ಫ್ಲೋರಿನ್ ಮೂರೂ ಇರುವ ಸಾಮಾನ್ಯ ಸಂಯುಕ್ತ ಇರಬಹುದೆಂದು ಮೊದಲು ಅನಿಸಿತ್ತು. ಡೆರೆಕ್ ಲೋಮನ್ ಜೊತೆ ಸೇರಿ ಜಾಲಾಡಿದಾಗ ಗೊತ್ತಾದದ್ದೇ ಬೇರೆ: ಅದೊಂದು ಲವಣ, ಮತ್ತು ಅದರ ಧನ ಅಯಾನು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ ಅಣು. ಆಮ್ಲಜನಕ ಬಂದದ್ದು ಗಾಜಿನಿಂದ. ಬಿಸಿ ಫ್ಲೋರಿನ್ ಗಾಜಿನ ಸಿಲಿಕಾವನ್ನು ಕೊರೆದು ಅದನ್ನು ಹೊರಹಾಕಿತ್ತು.

ಮುಂದಿನ ಹೆಜ್ಜೆಗೆ ಬೇಕಾದದ್ದು ಎರಡು ಅಂಕಿಗಳನ್ನು ಅಕ್ಕಪಕ್ಕ ಇಡುವುದಷ್ಟೇ. ಆಮ್ಲಜನಕದ ಅಣುವಿನಿಂದ ಒಂದು ಎಲೆಕ್ಟ್ರಾನ್ ಕೀಳಲು 12.07 ಎಲೆಕ್ಟ್ರಾನ್‌ವೋಲ್ಟ್ ಬೇಕು. ಕ್ಸೆನಾನ್‌ನಿಂದ ಕೀಳಲು 12.13. ಜಡಾನಿಲಗಳು ಯಾವುದರೊಂದಿಗೂ ಕೂಡುವುದಿಲ್ಲ ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದ ಕಾಲ ಅದು. 1962ರ ಮಾರ್ಚ್ 23ರಂದು ಬಾರ್ಟ್ಲೆಟ್ ಪ್ಲಾಟಿನಂ ಹೆಕ್ಸಾಫ್ಲೋರೈಡ್‌ನ ಕೆಂಪು ಆವಿಗೂ ಬಣ್ಣವಿಲ್ಲದ ಕ್ಸೆನಾನ್‌ಗೂ ನಡುವೆ ಇದ್ದ ಗಾಜಿನ ತಡೆಯನ್ನು ಒಡೆದರು. ಎರಡು ಅನಿಲಗಳು ಸೇರಿದ ಕೂಡಲೇ ಹಳದಿ–ಕಿತ್ತಳೆ ಬಣ್ಣದ ಘನ ಕಾಣಿಸಿಕೊಂಡಿತು.

ಇಲ್ಲಿ ಶಕ್ತಿಯ ಲೆಕ್ಕವನ್ನು ಒಮ್ಮೆ ಪೂರ್ತಿ ಮಾಡಿನೋಡಬೇಕು. ಒಂದು ಮೋಲ್ ಕ್ಸೆನಾನ್‌ನಿಂದ ಎಲೆಕ್ಟ್ರಾನ್ ಕೀಳುವ ಖರ್ಚು 1170 ಕಿಲೋಜೌಲ್. ಆ ಎಲೆಕ್ಟ್ರಾನನ್ನು ಪ್ಲಾಟಿನಂ ಹೆಕ್ಸಾಫ್ಲೋರೈಡ್ ತೆಗೆದುಕೊಂಡಾಗ ವಾಪಸು ಬರುವುದು 700 ಕಿಲೋಜೌಲ್‌ನ ಸುತ್ತಮುತ್ತ. ಇನ್ನೂ ನಾನೂರೈವತ್ತಕ್ಕಿಂತ ಹೆಚ್ಚು ಕೊರತೆ. ಅದನ್ನು ತುಂಬಿಕೊಡುವುದು ಧನ, ಋಣ ಅಯಾನುಗಳು ಘನರೂಪದಲ್ಲಿ ಒತ್ತೊತ್ತಾಗಿ ಕೂತಾಗ ಬಿಡುಗಡೆಯಾಗುವ ಜಾಲಕ ಶಕ್ತಿ. ಎಂದರೆ, ಅತ್ಯಂತ ಉಗ್ರ ಅಣು ಕೂಡ ಒಂಟಿಯಾಗಿ ಕ್ಸೆನಾನ್‌ನಿಂದ ಎಲೆಕ್ಟ್ರಾನ್ ಕಸಿಯಲಾರದು; ಹರಳಿನ ನೆರವು ಬೇಕೇ ಬೇಕು. 'ಇದು ಇಷ್ಟು ಪ್ರಬಲ ಉತ್ಕರ್ಷಣಕಾರಿ' ಎಂದು ಒಂದೇ ಅಂಕಿಯಲ್ಲಿ ಹೇಳುವ ಬರಹಗಳನ್ನು ನಾನು ಅನುಮಾನದಿಂದ ನೋಡುವುದು ಇದಕ್ಕೇ. ಸುತ್ತ ಏನಿದೆ ಎಂಬುದನ್ನು ಬಿಟ್ಟು ಬಲವನ್ನು ಅಳೆಯಲು ಬರುವುದಿಲ್ಲ.

ಅಂದು ಸಿಕ್ಕ ಹಳದಿ ವಸ್ತು ಬಾರ್ಟ್ಲೆಟ್ ಬರೆದಷ್ಟು ಸರಳವೂ ಆಗಿರಲಿಲ್ಲ. ಬರಿಯ ಕ್ಸೆನಾನ್ ಅಯಾನು ಅಲ್ಲಿ ಉಳಿಯದೆ ಒಂದು ಫ್ಲೋರಿನ್ ಎಳೆದುಕೊಂಡಿತ್ತು; ದೊರೆತದ್ದು ಒಂದಕ್ಕಿಂತ ಹೆಚ್ಚು ಲವಣಗಳ ಮಿಶ್ರಣ. ಆದರೆ ಬಾಗಿಲು ತೆರೆದಾಗಿತ್ತು. ಅದೇ ವರ್ಷ ಆರ್ಗಾನ್ ಪ್ರಯೋಗಾಲಯದಲ್ಲಿ ಕ್ಸೆನಾನ್ ಟೆಟ್ರಾಫ್ಲೋರೈಡ್ ತಯಾರಾಯಿತು, ಜರ್ಮನಿಯಲ್ಲಿ ರುಡಾಲ್ಫ್ ಹೊಪ್ಪೆಯವರ ತಂಡ ಕ್ಸೆನಾನ್ ಡೈಫ್ಲೋರೈಡ್ ತಯಾರಿಸಿತು.

ಈ ಫ್ಲೋರಿನ್ ಎಳೆದುಕೊಳ್ಳುವ ಸಂಗತಿಯನ್ನು ಗಮನಿಸದೆ ಮುಂದೆ ಹೋಗುವಂತಿಲ್ಲ. ಈ ಸಂಯುಕ್ತಗಳು ಎರಡು ಬೇರೆಬೇರೆ ಕೆಲಸ ಮಾಡುತ್ತವೆ: ಎಲೆಕ್ಟ್ರಾನ್ ಕಸಿಯುವುದು ಒಂದು, ಎದುರಿನ ಪರಮಾಣುವಿಗೆ ಫ್ಲೋರಿನ್ ಕೂಡಿಸುವುದು ಇನ್ನೊಂದು. ಆಮ್ಲಜನಕದ ಮುಂದೆ ಪ್ಲಾಟಿನಂ ಹೆಕ್ಸಾಫ್ಲೋರೈಡ್ ಮೊದಲ ಕೆಲಸ ಮಾಡುತ್ತದೆ. ಕ್ಲೋರಿನ್‌ನ ಫ್ಲೋರೈಡ್‌ಗಳ ಜೊತೆ ಸೇರಿಸಿದಾಗ ಎರಡನೆಯದನ್ನು ಮಾಡಿ, ಆರು ಫ್ಲೋರಿನ್ ಹೊತ್ತ ಕ್ಲೋರಿನ್ ಅಯಾನನ್ನು ಕೊಡುತ್ತದೆ. 1970ರ ದಶಕದ ಆರಂಭದಲ್ಲಿ ಅದು ಸಿಕ್ಕಿತು. ಫ್ಲೋರಿನ್ ಕೂಡಿಸುವ ಬಲಕ್ಕೆ ಕಾರ್ಲ್ ಕ್ರಿಸ್ಟೆ ಮತ್ತು ಡೇವಿಡ್ ಡಿಕ್ಸನ್ 1992ರಲ್ಲಿ ಒಂದು ಅಳತೆಗೋಲನ್ನೇ ರೂಪಿಸಿದರು. ಅದರ ತುದಿಯಲ್ಲಿರುವುದು ಕ್ರಿಪ್ಟಾನ್ ಮತ್ತು ಫ್ಲೋರಿನ್ ಸೇರಿದ ಧನ ಅಯಾನು, ಲೋಹದ್ದಲ್ಲ.

ಒಂದು ಫ್ಲೋರೈಡ್ ಕಿತ್ತರೆ

ಪೊಟ್ಯಾಸಿಯಂ ಪರ್ಮಾಂಗನೇಟ್ ಆಮ್ಲದಲ್ಲಿ ಉಗ್ರ, ಕ್ಷಾರದಲ್ಲಿ ಸೌಮ್ಯ. ಕಾಲೇಜಿನಲ್ಲಿ ಟೈಟ್ರೇಶನ್ ಮಾಡಿದವರಿಗೆಲ್ಲ ಇದು ಗೊತ್ತು. ಸಲ್ಫ್ಯೂರಿಕ್ ಆಮ್ಲ ಹಾಕದೆ ಅದು ಪೂರ್ತಿ ಕೆಲಸ ಮಾಡುವುದಿಲ್ಲ. ಫ್ಲೋರೈಡ್‌ಗಳ ಲೋಕದಲ್ಲೂ ಇದೇ ನಿಯಮ, ಆದರೆ ಅಲ್ಲಿ ದ್ರಾವಕ ನೀರಲ್ಲ, ನೀರಿನ ಸೋಂಕೂ ಇಲ್ಲದ ದ್ರವ ಹೈಡ್ರೋಜನ್ ಫ್ಲೋರೈಡ್. ಅದರಲ್ಲಿ ಫ್ಲೋರೈಡ್ ಅಯಾನು ಕೊಡುವ ಪೊಟ್ಯಾಸಿಯಂ ಫ್ಲೋರೈಡ್ ಕ್ಷಾರ. ಫ್ಲೋರೈಡ್ ಅಯಾನು ಕಿತ್ತುಕೊಳ್ಳುವ ಆರ್ಸೆನಿಕ್ ಪೆಂಟಾಫ್ಲೋರೈಡ್, ಆಂಟಿಮನಿ ಪೆಂಟಾಫ್ಲೋರೈಡ್, ಬೋರಾನ್ ಟ್ರೈಫ್ಲೋರೈಡ್ ಆಮ್ಲ.

ನಿಕ್ಕಲ್ಲನ್ನು ತೆಗೆದುಕೊಳ್ಳಿ. ಸಾಮಾನ್ಯವಾಗಿ +2 ಸ್ಥಿತಿಯಲ್ಲಿ ತೃಪ್ತವಾಗಿರುವ ಲೋಹ. ಅದನ್ನು +4ಕ್ಕೆ ಏರಿಸಿದ ಪೊಟ್ಯಾಸಿಯಂ ಹೆಕ್ಸಾಫ್ಲೋರೋನಿಕ್ಕಲೇಟ್ ಒಂದು ಕೆಂಪು ಲವಣ. ತೇವ ತಾಗದಂತೆ ಮುಚ್ಚಿಟ್ಟರೆ ಕೋಣೆಯ ತಾಪದಲ್ಲಿ ಕೆಡದೆ ಇರುತ್ತದೆ. ಆರು ಫ್ಲೋರೈಡ್‌ಗಳು ನಿಕ್ಕಲ್‌ಗೆ ಎಲೆಕ್ಟ್ರಾನ್ ಭಾರವನ್ನು ಒದಗಿಸುತ್ತಿವೆ, ಜೊತೆಗೆ ಇಡೀ ಗುಂಪಿನ ಮೇಲೆ ಎರಡು ಋಣಾವೇಶಗಳಿವೆ. ಈಗ ಅದನ್ನು ಹೈಡ್ರೋಜನ್ ಫ್ಲೋರೈಡ್‌ನಲ್ಲಿ ಕರಗಿಸಿ, ಚೆನ್ನಾಗಿ ತಣ್ಣಗೆ ಇಟ್ಟು, ಎರಡು ಫ್ಲೋರೈಡ್‌ಗಳನ್ನು ಕಿತ್ತುಕೊಳ್ಳುವಷ್ಟು ಆಮ್ಲ ಸೇರಿಸಿದರೆ ನಿಕ್ಕಲ್ ಟೆಟ್ರಾಫ್ಲೋರೈಡ್ ಬೇರ್ಪಡುತ್ತದೆ. ಉತ್ಕರ್ಷಣ ಸ್ಥಿತಿ ಬದಲಾಗಿಲ್ಲ, ಆಗಲೂ ಈಗಲೂ +4. ಆದರೆ ಸೊನ್ನೆಗಿಂತ 65 ಡಿಗ್ರಿ ಕೆಳಗಿನ ತಾಪವನ್ನು ದಾಟಿದರೆ ಅದು ನಿಲ್ಲುವುದಿಲ್ಲ, ಫ್ಲೋರಿನ್ ಬಿಟ್ಟುಕೊಡಲು ತೊಡಗುತ್ತದೆ. ಇನ್ನೂ ಆಮ್ಲ ಸೇರಿಸಿ ನಿಕ್ಕಲ್ಲನ್ನು ಧನ ಅಯಾನಿನ ರೂಪಕ್ಕೆ ತಂದರೆ ಅದರ ಬಲ ಮತ್ತೂ ಏರುತ್ತದೆ.

ಈ ಕೆಲಸ ಹೆಚ್ಚಾಗಿ ನಡೆದದ್ದು ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲಿರುವ ಯೋಜೆಫ್ ಸ್ಟೆಫಾನ್ ಸಂಸ್ಥೆಯ ಬೋರಿಸ್ ಜೆಮ್ವಾ ಮತ್ತು ಅಷ್ಟರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಬಂದಿದ್ದ ಬಾರ್ಟ್ಲೆಟ್ ಇವರ ಸಹಯೋಗದಲ್ಲಿ, 1980ರ ದಶಕದ ಕೊನೆ ಮತ್ತು 1990ರ ದಶಕದಲ್ಲಿ. ಬಾರ್ಟ್ಲೆಟ್ ಹೆಸರು ಕೇಳಿದರೆ ಎಲ್ಲರಿಗೂ ನೆನಪಾಗುವುದು 1962ರ ಕ್ಸೆನಾನ್. ನನ್ನ ಮಟ್ಟಿಗೆ ಈ ಎರಡನೆಯ ಅಧ್ಯಾಯ ಅದಕ್ಕಿಂತ ಆಳವಾದದ್ದು, ಮತ್ತು ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಅದರ ಶಿಖರ ಬೆಳ್ಳಿ. ಕ್ಷಾರೀಯ ಹೈಡ್ರೋಜನ್ ಫ್ಲೋರೈಡ್‌ನಲ್ಲಿ ಬೆಳ್ಳಿಯ ಫ್ಲೋರೈಡ್ ಹಾಕಿ, ಫ್ಲೋರಿನ್ ಹಾಯಿಸಿ, ಬೆಳಕು ಬೀಳಿಸಿದರೆ ಸಾಕು. ಕೋಣೆಯ ತಾಪದಲ್ಲೇ ಬೆಳ್ಳಿ +3ಕ್ಕೆ ಏರಿ, ನಾಲ್ಕು ಫ್ಲೋರೈಡ್ ಸುತ್ತಿಕೊಂಡ ಋಣ ಅಯಾನಾಗುತ್ತದೆ. ಇದು ಹೋಲಿಕೆಯಲ್ಲಿ ಸುಲಭದ ಹೆಜ್ಜೆ. ಈಗ ಆಮ್ಲ ಸೇರಿಸಿದರೆ ಕೆಂಪು ಬಣ್ಣದ ಸಿಲ್ವರ್ ಟ್ರೈಫ್ಲೋರೈಡ್ ತಳಕ್ಕೆ ಇಳಿಯುತ್ತದೆ. ಆಮ್ಲವನ್ನು ಇನ್ನೂ ಹೆಚ್ಚಿಸಿದರೆ ಧನ ಅಯಾನಿನ ರೂಪದ ಬೆಳ್ಳಿ ದ್ರಾವಣದಲ್ಲಿ ಹುಟ್ಟುತ್ತದೆ. ಅದು ಮಾಡುವ ಕೆಲಸವನ್ನು ಓದಿದಾಗ ಇವತ್ತಿಗೂ ಬೆರಗಾಗುತ್ತದೆ: ಆಮ್ಲಜನಕದಿಂದಲೋ ಕ್ಸೆನಾನ್‌ನಿಂದಲೋ ಎಲೆಕ್ಟ್ರಾನ್ ಕಸಿದು ಹೊಟ್ಟೆ ತುಂಬಿಸಿಕೊಂಡಿರುವ ಪ್ಲಾಟಿನಂ ಹೆಕ್ಸಾಫ್ಲೋರೈಡ್ ಅಯಾನಿನಿಂದ ಆ ಎಲೆಕ್ಟ್ರಾನನ್ನು ಅದು ಮತ್ತೆ ಕಿತ್ತುಕೊಂಡು, ಕೆಂಪು ಹೆಕ್ಸಾಫ್ಲೋರೈಡ್ ಅಣುವನ್ನು ಹಿಂದಿರುಗಿ ಕೊಡುತ್ತದೆ. ಧನ ಅಯಾನಿನ ರೂಪದ ನಿಕ್ಕಲ್ ಕೂಡ ಹೀಗೆ ಮಾಡಬಲ್ಲದು. ಬರೀ +2 ಸ್ಥಿತಿಯ ಬೆಳ್ಳಿ, ಆಮ್ಲೀಯ ಹೈಡ್ರೋಜನ್ ಫ್ಲೋರೈಡ್‌ನಲ್ಲಿ ನೀಲಿ ಬಣ್ಣ ತಾಳಿ, ಕೋಣೆಯ ತಾಪದಲ್ಲೇ ಕ್ಸೆನಾನನ್ನು ಡೈಫ್ಲೋರೈಡ್ ಆಗಿ ಬದಲಿಸುತ್ತದೆ.

ಅತ್ಯಂತ ಪ್ರಬಲ ಉತ್ಕರ್ಷಣಕಾರಿಯನ್ನು ಪಡೆಯಲು ಅದಕ್ಕಿಂತಲೂ ಪ್ರಬಲವಾದ ಇನ್ನೊಂದು ಉತ್ಕರ್ಷಣಕಾರಿ ಬೇಕಾಗಲಿಲ್ಲ ಎಂಬುದು ಇಲ್ಲಿನ ತಿರುಳು. ಎಲೆಕ್ಟ್ರಾನ್ ಕೀಳುವ ಕಷ್ಟದ ಕೆಲಸವನ್ನು ಫ್ಲೋರೈಡ್ ತುಂಬಿದ ಕ್ಷಾರದಲ್ಲಿ ಸುಲಭವಾಗಿ ಮುಗಿಸಿ, ಆಮೇಲೆ ಆಮ್ಲದಿಂದ ಫ್ಲೋರೈಡ್ ಕಿತ್ತು ಬಲವನ್ನು ಬಿಚ್ಚುವುದು. ಏಣಿಯನ್ನು ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆ ಎತ್ತರದ ಗೋಡೆ ಮುಟ್ಟಿದಂತೆ.

ಇದೇ ಉಪಾಯ ಇನ್ನೊಂದು ಹಳೆಯ ಪ್ರಶ್ನೆಗೂ ಉತ್ತರ ಕೊಟ್ಟಿತ್ತು. ಫ್ರಾನ್ಸಿನ ಆನ್ರಿ ಮ್ವಾಸಾನ್ 1886ರ ಜೂನ್ 26ರಂದು ವಿದ್ಯುದ್ವಿಭಜನೆಯಿಂದ ಫ್ಲೋರಿನ್ ಅನಿಲವನ್ನು ಬೇರ್ಪಡಿಸಿದರು; 1906ರಲ್ಲಿ ನೊಬೆಲ್ ಬಂತು. ವಿದ್ಯುತ್ತಿಲ್ಲದೆ, ಬರೀ ರಾಸಾಯನಿಕ ಕ್ರಿಯೆಯಿಂದ ಫ್ಲೋರಿನ್ ಪಡೆಯುವುದು ಅಸಾಧ್ಯವೆಂದು ನೂರು ವರ್ಷ ನಂಬಿದ್ದರು. ಫ್ಲೋರಿನ್‌ಗಿಂತ ಪ್ರಬಲವಾದದ್ದು ಯಾವುದಿದೆ ಅದನ್ನು ಹೊರದಬ್ಬಲು, ಎಂಬುದು ವಾದ. 1986ರಲ್ಲಿ, ಸರಿಯಾಗಿ ಶತಮಾನದ ವರ್ಷ, ಆಗ ಅಮೆರಿಕದ ರಾಕೆಟ್ ಎಂಜಿನ್ ಕಂಪನಿ ರಾಕೆಟ್‌ಡೈನ್‌ನಲ್ಲಿದ್ದ ಕ್ರಿಸ್ಟೆ ಅದನ್ನು ಮಾಡಿ ತೋರಿಸಿದರು. ಪರ್ಮಾಂಗನೇಟ್, ಪೊಟ್ಯಾಸಿಯಂ ಫ್ಲೋರೈಡ್, ಹೈಡ್ರೋಫ್ಲೋರಿಕ್ ಆಮ್ಲ ಇವಿಷ್ಟಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಮ್ಯಾಂಗನೀಸ್ +7ರಿಂದ +4ಕ್ಕೆ ಇಳಿದು ಪೊಟ್ಯಾಸಿಯಂ ಹೆಕ್ಸಾಫ್ಲೋರೋಮ್ಯಾಂಗನೇಟ್ ಎಂಬ ಹಳದಿ ಲವಣ ಸಿಗುತ್ತದೆ. ಇನ್ನೊಂದು ಕಡೆ ಆಂಟಿಮನಿ ಪೆಂಟಾಕ್ಲೋರೈಡ್‌ಗೆ ಹೈಡ್ರೋಜನ್ ಫ್ಲೋರೈಡ್ ಕೂಡಿಸಿ ಆಂಟಿಮನಿ ಪೆಂಟಾಫ್ಲೋರೈಡ್. ಈ ಎರಡೂ ತಯಾರಾಗಲು ಒಂದು ತೊಟ್ಟು ಫ್ಲೋರಿನ್ ಅನಿಲವೂ ಬೇಕಿಲ್ಲ. ಎರಡನ್ನೂ ಸೇರಿಸಿ 150 ಡಿಗ್ರಿಗೆ ಕಾಯಿಸಿದರೆ ಆಂಟಿಮನಿ ಎರಡು ಫ್ಲೋರೈಡ್‌ಗಳನ್ನು ಕಸಿದುಕೊಳ್ಳುತ್ತದೆ; ಬೆತ್ತಲಾಗಿ ಉಳಿದ ಮ್ಯಾಂಗನೀಸ್ ಟೆಟ್ರಾಫ್ಲೋರೈಡ್ ತಾಳಲಾರದೆ ಟ್ರೈಫ್ಲೋರೈಡ್‌ಗೆ ಇಳಿದು ಫ್ಲೋರಿನ್ ಅನಿಲ ಬಿಡುತ್ತದೆ. ಎಲ್ಲವೂ ಮೊದಲೇ ಗೊತ್ತಿದ್ದ, ಎಲ್ಲರಿಗೂ ಸಿಗುತ್ತಿದ್ದ ಪದಾರ್ಥಗಳು.

ಆ ಹಳದಿ ಲವಣದ ಇನ್ನೊಂದು ಮುಖವನ್ನು ದಿನವೂ ನೋಡುತ್ತೇವೆ. ಪೊಟ್ಯಾಸಿಯಂ ಹೆಕ್ಸಾಫ್ಲೋರೋಸಿಲಿಕೇಟ್ ಹರಳಿನಲ್ಲಿ ಕೆಲವು ಸಿಲಿಕಾನ್ ಜಾಗಗಳಿಗೆ +4 ಮ್ಯಾಂಗನೀಸ್ ಸೇರಿಸಿದರೆ, ನೀಲಿ ಎಲ್‌ಇಡಿಯ ಬೆಳಕನ್ನು ಹೀರಿ 630 ನ್ಯಾನೋಮೀಟರ್‌ನ ಸುತ್ತ ಬಹಳ ಕಿರಿದಾದ ಪಟ್ಟಿಗಳಲ್ಲಿ ಕೆಂಪು ಬೆಳಕು ಬಿಡುತ್ತದೆ. ಪಟ್ಟಿ ಕಿರಿದಾದಷ್ಟೂ ಕೆಂಪು ಶುದ್ಧ. ಹಾಗಾಗಿ ಟಿವಿ, ಫೋನುಗಳ ಹಿಂಬೆಳಕಿನಲ್ಲಿ ಈ ಫಾಸ್ಫರ್ ವ್ಯಾಪಕವಾಗಿ ಬಳಕೆಯಲ್ಲಿದೆ, ಅದರ ತಯಾರಿಯಲ್ಲಿ ಮ್ಯಾಂಗನೀಸ್ ಒದಗಿಸುವ ಪದಾರ್ಥ ಕ್ರಿಸ್ಟೆ ಬಳಸಿದ ಲವಣವೇ. ಅದರ ದೌರ್ಬಲ್ಯವೂ ಇದೇ ರಸಾಯನದ್ದು: ತೇವಾಂಶ ತಾಗಿದರೆ ಮೇಲ್ಮೈಯಲ್ಲಿ ಫ್ಲೋರೈಡ್‌ಗಳ ಜಾಗಕ್ಕೆ ಆಮ್ಲಜನಕ ಬಂದು, ಕಂದು ಬಣ್ಣದ ಮ್ಯಾಂಗನೀಸ್ ಆಕ್ಸೈಡ್ ಕೂತು ಬೆಳಕು ಮಂಕಾಗುತ್ತದೆ. ಆದ್ದರಿಂದಲೇ ಕಣಗಳಿಗೆ ರಕ್ಷಣೆಯ ಹೊದಿಕೆ ಕೊಡುವ ಪ್ರಯತ್ನಗಳು ಇಷ್ಟೊಂದು ನಡೆಯುತ್ತಿವೆ.

ಇದೆ ಎಂದದ್ದು, ಇಲ್ಲವಾದದ್ದು

ಫ್ಲೋರಿನ್ ಎಲ್ಲ ಲೋಹಗಳನ್ನೂ ಅತಿ ಎತ್ತರದ ಸ್ಥಿತಿಗೆ ಏರಿಸುತ್ತದೆ ಎಂಬ ನಂಬಿಕೆಯೂ ಅರ್ಧ ಸತ್ಯ. ಆಸ್ಮಿಯಂ +8ರಲ್ಲಿ ಆಮ್ಲಜನಕದ ಜೊತೆ ನೆಮ್ಮದಿಯಾಗಿ ಟೆಟ್ರಾಕ್ಸೈಡ್ ಆಗುತ್ತದೆ. ಎಂಟು ಫ್ಲೋರಿನ್‌ಗಳ ಆಸ್ಮಿಯಂ ಫ್ಲೋರೈಡ್ ಯಾರಿಗೂ ದಕ್ಕಿಲ್ಲ. ಪರ್ಮಾಂಗನೇಟ್‌ನಲ್ಲಿ ಮ್ಯಾಂಗನೀಸ್ +7, ಬರೀ ಫ್ಲೋರಿನ್ ಜೊತೆ +4ಕ್ಕೆ ನಿಲ್ಲುತ್ತದೆ. ಒಂದು ಆಮ್ಲಜನಕ ಎರಡು ಎಲೆಕ್ಟ್ರಾನ್‌ಗಳ ಲೆಕ್ಕ ತೀರಿಸುತ್ತದೆ, ಫ್ಲೋರಿನ್ ಒಂದರದ್ದು ಮಾತ್ರ. ಎಂಟು ಫ್ಲೋರಿನ್‌ಗಳಿಗೆ ಲೋಹದ ಸುತ್ತ ಜಾಗ ಎಲ್ಲಿದೆ?

ಈ ಗಡಿಯಂಚಿನಲ್ಲೇ ತಪ್ಪು ಸುದ್ದಿಗಳು ಹುಟ್ಟಿದ್ದು. ಚಿನ್ನದ ಪೆಂಟಾಫ್ಲೋರೈಡ್ ನಿಜ, 1970ರ ದಶಕದಿಂದ ಗೊತ್ತು. ಅದರ ಅಣುಗಳು ಜೋಡಿಯಾಗಿರುತ್ತವೆ. 1980ರ ದಶಕದಲ್ಲಿ ಸೋವಿಯತ್ ವಿಜ್ಞಾನಿಗಳು ಏಳು ಫ್ಲೋರಿನ್‌ಗಳ ಚಿನ್ನದ ಹೆಪ್ಟಾಫ್ಲೋರೈಡ್ ಸಿಕ್ಕಿತೆಂದು ವರದಿ ಮಾಡಿದರು. ಚಿನ್ನ +7ರಲ್ಲಿ! ಪುಸ್ತಕಗಳಿಗೂ ಅದು ಸೇರಿತು. 2007ರಲ್ಲಿ ಡೇನಿಯಲ್ ಹಿಮ್ಮೆಲ್ ಮತ್ತು ಸೆಬಾಸ್ಟಿಯನ್ ರೀಡೆಲ್ ಲೆಕ್ಕ ಹಾಕಿ, ಅಲ್ಲಿ ಇದ್ದಿರಬಹುದಾದದ್ದು ಪೆಂಟಾಫ್ಲೋರೈಡ್‌ಗೆ ಅಂಟಿಕೊಂಡ ಒಂದು ಪೂರ್ಣ ಫ್ಲೋರಿನ್ ಅಣು ಎಂದು ತೋರಿಸಿದರು. ಫ್ಲೋರಿನ್ ಏಳಿವೆ, ನಿಜ; ಚಿನ್ನ ಮಾತ್ರ +5ರಲ್ಲೇ ಇದೆ. ಸೂತ್ರದಲ್ಲಿ ಫ್ಲೋರಿನ್ ಎಣಿಸಿದರೆ ಲೋಹದ ಸ್ಥಿತಿ ಗೊತ್ತಾಗಿಬಿಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಕ್ರೋಮಿಯಂ ಹೆಕ್ಸಾಫ್ಲೋರೈಡ್‌ನ ಕಥೆಯೂ ಹೀಗೆಯೇ. 1960ರ ದಶಕದಲ್ಲಿ ಸಿಕ್ಕಿತೆಂದು ವರದಿಯಾಗಿ, ದಶಕಗಳ ಕಾಲ ವಾದವಿವಾದವಾಗಿ, ಕೊನೆಗೆ ಪುರಾವೆಗಳೆಲ್ಲ ಪೆಂಟಾಫ್ಲೋರೈಡ್ ಕಡೆಗೆ ಬೆರಳು ಮಾಡಿದವು.

ಎದುರು ದಿಕ್ಕಿನ ಉದಾಹರಣೆ ಪಾದರಸದ್ದು. +2ಕ್ಕಿಂತ ಮೇಲೇರದ ಲೋಹವೆಂದು ಅದನ್ನು ಸಂಕ್ರಮಣ ಲೋಹಗಳ ಸಾಲಿನಿಂದ ಹೊರಗಿಡುವುದೇ ವಾಡಿಕೆ. ಟೆಟ್ರಾಫ್ಲೋರೈಡ್ ಸಾಧ್ಯ ಎಂದು ಲೆಕ್ಕಾಚಾರ ಮೊದಲೇ ಹೇಳಿತ್ತು. 2007ರಲ್ಲಿ ಅದನ್ನು ಘನೀಭವಿಸಿದ ನಿಯಾನ್‌ನೊಳಗೆ, ಪರಮ ಶೂನ್ಯಕ್ಕಿಂತ ನಾಲ್ಕೇ ಡಿಗ್ರಿ ಮೇಲೆ ಹಿಡಿದಿಟ್ಟು, ಅವಕೆಂಪು ರೋಹಿತದಿಂದ ಗುರುತಿಸಿದರು. ಅದರ ಪುರಾವೆಯ ಬಗ್ಗೆ ಎಚ್ಚರದಿಂದ ಮಾತಾಡುವವರು ಈಗಲೂ ಇದ್ದಾರೆ, ಅದು ಇರಬೇಕಾದದ್ದೇ. ನಾಲ್ಕು ಡಿಗ್ರಿಯಲ್ಲಿ ನಿಯಾನ್‌ನೊಳಗೆ ಸಿಕ್ಕಿಬಿದ್ದ ಅಣುವೂ, ಸೀಸೆಯಲ್ಲಿ ತುಂಬಿಡಬಹುದಾದ ವಸ್ತುವೂ ಒಂದೇ ಬಗೆಯ 'ಇರುವಿಕೆ' ಅಲ್ಲ. ಹೊಸ ಉತ್ಕರ್ಷಣ ಸ್ಥಿತಿಯ ಸುದ್ದಿ ಬಂದಾಗಲೆಲ್ಲ ಓದುಗರು ಮೊದಲು ಕೇಳಬೇಕಾದ ಪ್ರಶ್ನೆ ಇದು: ಎಲ್ಲಿ, ಎಷ್ಟು ತಾಪದಲ್ಲಿ, ಯಾವ ಪುರಾವೆಯಿಂದ?

ಪಾತ್ರೆಯ ಪ್ರಶ್ನೆ

ಇಂಥದ್ದನ್ನೆಲ್ಲ ಯಾವುದರಲ್ಲಿ ಇಡುತ್ತಾರೆ? ನಿಕ್ಕಲ್ ಅಥವಾ ನಿಕ್ಕಲ್–ತಾಮ್ರದ ಮೋನೆಲ್ ಮಿಶ್ರಲೋಹದಲ್ಲಿ. ಫ್ಲೋರಿನ್ ತಾಗಿದೊಡನೆ ಮೇಲ್ಮೈಯಲ್ಲಿ ತೆಳುವಾದ ಡೈಫ್ಲೋರೈಡ್ ಪೊರೆ ಕಟ್ಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಕಣ್ಣಿಗೆ ಕಾಣುವಂತೆ ಕೆಲಸ ಮಾಡಬೇಕಾದರೆ ಟೆಫ್ಲಾನ್ ಬಗೆಯ ಪಾರದರ್ಶಕ ಕೊಳವೆಗಳು ಬೇಕು. ಹೈಡ್ರೋಜನ್ ಫ್ಲೋರೈಡ್ ಚರ್ಮದ ಮೂಲಕ ಇಳಿದು ರಕ್ತದ ಕ್ಯಾಲ್ಸಿಯಂ ಹಿಡಿಯುವುದರಿಂದ ಕ್ಯಾಲ್ಸಿಯಂ ಗ್ಲುಕೋನೇಟ್ ಮುಲಾಮು ಕೈಗೆ ಸಿಗುವಲ್ಲೇ ಇರಬೇಕು.

ಟೆಫ್ಲಾನ್ ಈಗ ವಿವಾದದ ನಡುವೆ ಇದೆ. ಪರಿಸರದಲ್ಲಿ ಕೊಳೆಯದೆ ಉಳಿಯುವ ಫ್ಲೋರಿನ್–ಇಂಗಾಲ ಸಂಯುಕ್ತಗಳನ್ನು ಇಡೀ ವರ್ಗವಾಗಿಯೇ ನಿರ್ಬಂಧಿಸುವ ಪ್ರಸ್ತಾವವನ್ನು ಜರ್ಮನಿ, ನೆದರ್‌ಲ್ಯಾಂಡ್ಸ್, ಡೆನ್ಮಾರ್ಕ್, ಸ್ವೀಡನ್, ನಾರ್ವೆ 2023ರ ಜನವರಿಯಲ್ಲಿ ಯುರೋಪಿನ ರಾಸಾಯನಿಕ ಸಂಸ್ಥೆಯ ಮುಂದಿಟ್ಟವು. ಆ ಕಾಳಜಿ ಸರಿಯಾದದ್ದು. ಲೋಹದ ಫ್ಲೋರೈಡ್‌ಗಳಿಗೂ ಅದರಲ್ಲಿ ಪಾಲಿದೆ. ಕೋಬಾಲ್ಟ್ ಟ್ರೈಫ್ಲೋರೈಡ್ ಇದಕ್ಕೆ ನೇರ ಉದಾಹರಣೆ. ಹೈಡ್ರೋಕಾರ್ಬನ್ ಮೇಲೆ ಫ್ಲೋರಿನ್ ಅನಿಲವನ್ನೇ ಹಾಯಿಸಿದರೆ ಹೊತ್ತಿಕೊಳ್ಳುತ್ತದೆ. ಅದರ ಬದಲು ಫ್ಲೋರಿನ್ನನ್ನು ಮೊದಲು ಕೋಬಾಲ್ಟ್ ಡೈಫ್ಲೋರೈಡ್‌ಗೆ ಕೊಟ್ಟು ಟ್ರೈಫ್ಲೋರೈಡ್ ಮಾಡಿಕೊಂಡು, ಅದರ ಮೇಲೆ ಹೈಡ್ರೋಕಾರ್ಬನ್ ಆವಿ ಹಾಯಿಸಿದರೆ, ಹುಟ್ಟುವ ಶಾಖ ಎರಡು ಹಂತಗಳಲ್ಲಿ ಹಂಚಿಹೋಗಿ ಕ್ರಿಯೆ ಹತೋಟಿಗೆ ಬರುತ್ತದೆ. ಮ್ಯಾನ್‌ಹಟನ್ ಯೋಜನೆಯ ಕಾಲದಲ್ಲಿ ಯುರೇನಿಯಂ ಹೆಕ್ಸಾಫ್ಲೋರೈಡ್ ತಾಳಬಲ್ಲ ದ್ರವಗಳಿಗಾಗಿ ಬೆಳೆದ ಈ ವಿಧಾನ ಪೂರ್ಣ ಫ್ಲೋರಿನ್ ತುಂಬಿದ ಇಂಗಾಲದ ಸಂಯುಕ್ತಗಳನ್ನು ಕೊಡುತ್ತದೆ. ಆ ಕುಟುಂಬದ ಅತಿ ಸರಳ ಸದಸ್ಯ ಕಾರ್ಬನ್ ಟೆಟ್ರಾಫ್ಲೋರೈಡ್ ವಾತಾವರಣದಲ್ಲಿ ಉಳಿಯುವ ಅಂದಾಜು ಅವಧಿ 50,000 ವರ್ಷ. ನನ್ನ ಅಭಿಪ್ರಾಯದಲ್ಲಿ ಹೊರಗೆ ಚೆಲ್ಲುವ ಬಳಕೆಗಳಿಗೆ ಕಡಿವಾಣ ಬೇಕೇ ಬೇಕು. ಮುಚ್ಚಿದ ಉಪಕರಣದೊಳಗಿನ, ಮರಳಿ ಬಳಸಬಹುದಾದ ಕೊಳವೆಯನ್ನು ಅದೇ ತಕ್ಕಡಿಯಲ್ಲಿ ತೂಗಬಾರದು. ಅದಿಲ್ಲದೆ ಈ ವಸ್ತುಗಳನ್ನು ಕಣ್ಣಾರೆ ನೋಡುತ್ತ ಕೆಲಸ ಮಾಡುವುದು ಬಹುತೇಕ ನಿಂತುಹೋಗುತ್ತದೆ.

ಬೆಳ್ಳಿಯ ಆಸೆ

ಈ ಕ್ಷೇತ್ರದಲ್ಲಿ ಈಗ ಹೆಚ್ಚು ನಿರೀಕ್ಷೆ ಹುಟ್ಟಿಸಿರುವುದು ಬೆಳ್ಳಿಯ ಡೈಫ್ಲೋರೈಡ್. ತಾಮ್ರದ ಆಕ್ಸೈಡ್‌ಗಳು 1986ರಿಂದ ಉನ್ನತ ತಾಪದ ಅತಿವಾಹಕಗಳೆಂದು ಪ್ರಸಿದ್ಧ. ಅವುಗಳಲ್ಲಿ +2 ತಾಮ್ರದ ಡಿ ಕಕ್ಷಕಗಳಲ್ಲಿ ಒಂಬತ್ತು ಎಲೆಕ್ಟ್ರಾನ್, ಅಂದರೆ ತುಂಬಲು ಒಂದು ಬಾಕಿ. ಆವರ್ತ ಕೋಷ್ಟಕದಲ್ಲಿ ತಾಮ್ರದ ಕೆಳಗೇ ಇರುವ ಬೆಳ್ಳಿಯೂ +2ರಲ್ಲಿ ಹಾಗೆಯೇ. ವಾರ್ಸಾದ ವೊಯ್ಚೆಕ್ ಗ್ರೊಹಾಲಾ ಮತ್ತು ಅಮೆರಿಕದ ರಸಾಯನಶಾಸ್ತ್ರಜ್ಞ ರೋಲ್ಡ್ ಹಾಫ್‌ಮನ್ 2001ರಲ್ಲೇ ಈ ಹೋಲಿಕೆಯನ್ನು ವಿಸ್ತಾರವಾಗಿ ಮಂಡಿಸಿ, ಬೆಳ್ಳಿ–ಫ್ಲೋರಿನ್ ವಸ್ತುಗಳಲ್ಲಿ ಅತಿವಾಹಕತೆ ಹುಡುಕಬೇಕೆಂದರು.

ಹೋಲಿಕೆ ಬರೀ ಎಲೆಕ್ಟ್ರಾನ್ ಎಣಿಕೆಯದಲ್ಲ. +2 ಬೆಳ್ಳಿಯ ಎಲೆಕ್ಟ್ರಾನ್ ಹಸಿವು ಎಷ್ಟು ತೀವ್ರವೆಂದರೆ, ಎಲೆಕ್ಟ್ರಾನ್ ಬಿಡಲೊಲ್ಲದ ಫ್ಲೋರೈಡ್ ಕೂಡ ಅದರ ಜೊತೆ ತನ್ನ ಎಲೆಕ್ಟ್ರಾನ್‌ಗಳನ್ನು ಗಣನೀಯವಾಗಿ ಹಂಚಿಕೊಳ್ಳಬೇಕಾಗುತ್ತದೆ. ಹಾಗಾಗಿ ಆ ಬಂಧ ಫ್ಲೋರೈಡ್‌ಗಳಲ್ಲಿ ಸಾಮಾನ್ಯವಲ್ಲದಷ್ಟು ಸಹವೇಲೆನ್ಸೀಯ ಗುಣ ಪಡೆಯುತ್ತದೆ. ತಾಮ್ರ–ಆಮ್ಲಜನಕ ಬಂಧದ ಸ್ವಭಾವಕ್ಕೆ ಹತ್ತಿರವಾಗುತ್ತದೆ. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಕ್ಕಪಕ್ಕದ ಬೆಳ್ಳಿ ಅಯಾನುಗಳ ನಡುವಿನ ಕಾಂತೀಯ ಜೋಡಣೆಯ ಬಲ ಸುಮಾರು 70 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಎಂದು ಕಂಡುಬಂತು. ತಾಮ್ರದ ಆಕ್ಸೈಡ್‌ಗಳಲ್ಲಿ ಕಾಣುವುದರ ಸುಮಾರು ಶೇಕಡ 70ರಷ್ಟು ಇದು. ತಾಮ್ರದ ವಸ್ತುಗಳಲ್ಲಿ ಈ ಕಾಂತೀಯ ಜೋಡಣೆಗೂ ಅತಿವಾಹಕತೆಗೂ ನಂಟಿದೆ ಎಂದು ಅನೇಕರು ಭಾವಿಸುವುದರಿಂದ ಇದು ಸಣ್ಣ ಸಂಗತಿಯಲ್ಲ.

ತೊಡಕು ಇರುವುದು ಮುಂದಿನ ಹೆಜ್ಜೆಯಲ್ಲಿ. ತಾಮ್ರದ ಆಕ್ಸೈಡ್ ತಾನಾಗಿ ಅತಿವಾಹಕವಲ್ಲ, ಅವಾಹಕ. ಕೆಲವು ಅಯಾನುಗಳನ್ನು ಬದಲಿಸಿ ಎಲೆಕ್ಟ್ರಾನ್ ಕಡಿಮೆ ಮಾಡಿದಾಗ ಅಥವಾ ಹೆಚ್ಚಿಸಿದಾಗ ಮಾತ್ರ ಅತಿವಾಹಕತೆ ಬರುತ್ತದೆ. ಬೆಳ್ಳಿಯ ಡೈಫ್ಲೋರೈಡ್‌ನಿಂದ ಎಲೆಕ್ಟ್ರಾನ್ ತೆಗೆಯಲು ಹೊರಟರೆ +3 ಬೆಳ್ಳಿ, ಸೇರಿಸಲು ಹೊರಟರೆ +1 ಬೆಳ್ಳಿ ಹರಳಿನಲ್ಲಿ ತಮ್ಮತಮ್ಮ ಜಾಗ ಹಿಡಿದು ಪ್ರತ್ಯೇಕವಾಗಿ ಕೂತುಬಿಡುತ್ತವೆ, ಆವೇಶ ಹರಿದಾಡುವುದಿಲ್ಲ. ಮಿಶ್ರ ಸ್ಥಿತಿಯ ಬೆಳ್ಳಿ ಫ್ಲೋರೈಡ್‌ಗಳು ಗೊತ್ತಿವೆ, ಅವು ಲೋಹದಂತೆ ವಿದ್ಯುತ್ ಹರಿಸುವುದಿಲ್ಲ. ಅತಿವಾಹಕತೆಗೆ ಖಚಿತ ಪುರಾವೆ ಇದುವರೆಗೆ ಇಲ್ಲ. ಮೇಲಾಗಿ ತಾಮ್ರದ ಪದರಗಳು ಚಪ್ಪಟೆ, ಬೆಳ್ಳಿಯವು ಮಡಿಕೆ ಮಡಿಕೆ. ಮಡಿಕೆ ಬಿದ್ದಷ್ಟೂ ಜೋಡಣೆ ಕುಗ್ಗುತ್ತದೆ. ಅದಕ್ಕೆಂದೇ ಬೇರೊಂದು ಫ್ಲೋರೈಡ್ ಹರಳಿನ ಮೇಲೆ ಒಂದೇ ಪದರದ ಬೆಳ್ಳಿ ಫ್ಲೋರೈಡ್ ಬೆಳೆಸಿ ಅದನ್ನು ಚಪ್ಪಟೆಯಾಗಿಸುವ, ಆಧಾರದ ಕಡೆಯಿಂದಲೇ ಆವೇಶ ತುಂಬುವ ಸಲಹೆಗಳು ಬಂದಿವೆ. ಲೆಕ್ಕದಲ್ಲಿ ಅವು ಚೆನ್ನಾಗಿವೆ. ಆದರೆ ತೆಳುಪದರ ಬೆಳೆಸುವ ಯಂತ್ರಗಳ ಒಳಭಾಗ, ಸೀಲುಗಳು, ಆಧಾರದ ಹರಳು, ವಿದ್ಯುತ್ ಅಳೆಯಲು ಅಂಟಿಸುವ ಲೋಹದ ತಂತಿ, ಇವೆಲ್ಲದರ ಮೇಲೂ +2 ಬೆಳ್ಳಿ ಎರಗುತ್ತದೆ. ಚಿನ್ನದ ತಂತಿಯನ್ನೂ ಅದು ಬಿಡುತ್ತದೆಂಬ ಭರವಸೆ ಇಲ್ಲ.

ಹಾಗಾಗಿ ಈ ಬಗ್ಗೆ ಸುದ್ದಿ ಬಂದಾಗ ನಾನು ಮೊದಲು ಹುಡುಕುವುದು ಅತಿವಾಹಕತೆಯ ತಾಪಮಾನವನ್ನಲ್ಲ, ಆವೇಶ ತುಂಬಿದ ಮಾದರಿಯೊಂದರ ವಿದ್ಯುತ್ ರೋಧವನ್ನು ಯಾರಾದರೂ ನಂಬಲರ್ಹವಾಗಿ ಅಳೆದಿದ್ದಾರೆಯೇ ಎಂಬುದನ್ನು. ತಾಪ ಇಳಿದಂತೆ ಆ ರೋಧ ಇಳಿಯುತ್ತದೆ ಎಂದು ತೋರಿಸುವ ಒಂದೇ ಒಂದು ರೇಖಾಚಿತ್ರ, ಮತ್ತು ಅಳೆಯುವಾಗ ಮಾದರಿ ತಂತಿಯನ್ನು ತಿಂದುಹಾಕಿರಲಿಲ್ಲ ಎಂಬ ಪುರಾವೆ, ಇವೆರಡು ಸಿಕ್ಕ ದಿನ ಈ ಚರ್ಚೆ ಬೇರೆ ಹಂತಕ್ಕೆ ಹೋಗುತ್ತದೆ.